ಊರ ಶಾಲೆ, ಪಂಚಾಯ್ತಿ ಮತ್ತು ನಮ್ಮ ಸಂಘ

ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂದರ್ಭದಲ್ಲಿ ಸಾಲ, ಠೇವಣಿಯ ಲೆಕ್ಕ ಹೇಗೂ ವರದಿಯಲ್ಲಿ ಬರುತ್ತದೆ. ಆದ್ದರಿಂದ ನಾವು ಶಾಲೆಯ ವಿಷಯ ಎತ್ತಿಕೊಂಡಿದ್ದೇವೆ. ವಾರ್ಷಿಕ ಸಭೆಯಲ್ಲಿ ಪ್ರತಿ ಸಲ ಒಂದು ಪ್ರಶ್ನೆ ಏಳುತ್ತದೆ: "ಶಾಲೆ ಸರ್ಕಾರದ್ದು, ರಿಪೇರಿಗೆ ಪಂಚಾಯ್ತಿ ಉಂಟು, ಸಂಘದ ದುಡ್ಡು ಅಲ್ಲಿಗೆ ಯಾಕೆ?" ಕೇಳುವವರದ್ದು ತಪ್ಪಲ್ಲ. ಆದರೆ ಉತ್ತರ ಹೇಳಲಿಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸು ಬಿಟ್ಟು ಮುಂಬಯಿ ಇಲಾಖೆಗೆ ಸೇರಿತು. ಅಲ್ಲಿ 1869ರ ಲೋಕಲ್ ಫಂಡ್ ಕಾಯ್ದೆಯಂತೆ ರೈತ ತೀರ್ವೆಯ ಪ್ರತಿ ರೂಪಾಯಿ ಮೇಲೆ ಒಂದಾಣೆ ಹೆಚ್ಚು ಕಟ್ಟಬೇಕಿತ್ತು. ಅದರಲ್ಲಿ ಮೂರನೇ ಒಂದು ಪಾಲು ಶಾಲೆಗೆ, ಉಳಿದದ್ದು ರಸ್ತೆ ಮುಂತಾದ ಕೆಲಸಕ್ಕೆ. ತೋಟಕ್ಕೆ ಮೂರು ರೂಪಾಯಿ ತೀರ್ವೆ ಇದ್ದವನು ವರ್ಷಕ್ಕೆ ಒಂದಾಣೆ ಶಾಲೆಗೆಂದೇ ಕೊಟ್ಟ ಹಾಗಾಯಿತು. ಅವನ ಮಗ ಶಾಲೆಗೆ ಹೋಗಲಿ ಬಿಡಲಿ, ಆಣೆಯಂತೂ ಹೋಗುತ್ತಿತ್ತು!

1884ರಲ್ಲಿ ಲೋಕಲ್ ಬೋರ್ಡುಗಳ ಕಾಯ್ದೆ ಬಂತು. 1923ರ ಪ್ರಾಥಮಿಕ ಶಿಕ್ಷಣ ಕಾಯ್ದೆ ಶಾಲೆಗಳ ಜವಾಬ್ದಾರಿಯನ್ನು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಿತು. ಮುಲ್ಕಿ ಪಾಸಾದ ನಮ್ಮ ಹಿರಿಯರು "ಬೋರ್ಡ್ ಶಾಲೆ" ಅಂತಿದ್ದದ್ದು ಇದಕ್ಕೇ.

ಅದೇ ಹೊತ್ತಿಗೆ ಸಹಕಾರವೂ ನಮ್ಮ ಕಡೆ ಕಾಲೂರಿತು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಮೊದಲ ಕೃಷಿ ಪತ್ತಿನ ಸಂಘವಾದರೆ, 1920ರಲ್ಲಿ ಶಿರಸಿಯ ಜಿಲ್ಲಾ ಮಧ್ಯವರ್ತಿ ಬ್ಯಾಂಕು, 1923ರಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಹುಟ್ಟಿದವು. ಮೊದಲೇ ಮುಂಗಡ ತಂದು ದಲಾಲಿ ಹೇಳಿದ ದರಕ್ಕೆ ಅಡಿಕೆ ಹಾಕುವ ರೈತನ ಕೈಯಲ್ಲಿ ಶಾಲೆಗೆ ವಂತಿಗೆ ಕೊಡಲು ಏನು ಉಳಿದೀತು? ಮಾರಾಟ ನಮ್ಮದೇ ಸಂಸ್ಥೆಯಲ್ಲಿ ಆದ ಮೇಲೆ ಅಷ್ಟಿಷ್ಟು ಉಳಿಯಿತು. ಸಹಕಾರಕ್ಕೂ ಶಾಲೆಗೂ ನಂಟು ಅಲ್ಲಿಂದಲೇ ಅಂತ ನಮ್ಮ ಅಭಿಪ್ರಾಯ.

1952ರ ಅಕ್ಟೋಬರ್ 2ರಂದು ಶುರುವಾದ ಸಮುದಾಯ ಅಭಿವೃದ್ಧಿ ಯೋಜನೆ ಊರವರ ಪಾಲನ್ನು ದುಡ್ಡು ಅಥವಾ ದುಡಿಮೆಯ ರೂಪದಲ್ಲಿ ಕೇಳಿತು. ನಮ್ಮಲ್ಲಿ ಮನೆಗಳು ತೋಟಕ್ಕೊಂದು, ಗುಡ್ಡಕ್ಕೊಂದು. ಕಲ್ಲು ಹೊತ್ತು, ಮರ ಕೊಟ್ಟು, ಹಂಚು ಏರಿಸಿ ಕಟ್ಟಿದರೇ ಶಾಲೆ. ಗೋಡೆ ಊರವರದ್ದು, ಮಾಸ್ತರ ಸಂಬಳ ಬೋರ್ಡಿನದ್ದು.

1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ತಾಲೂಕು ಬೋರ್ಡು ಬಂತು. 1987ರಲ್ಲಿ, ನಮ್ಮ ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ, ನಜೀರ್ ಸಾಬರು ಪಂಚಾಯ್ತಿ ಮಂತ್ರಿಯಾಗಿದ್ದಾಗ, ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳಾದವು. 1993ರ ಕಾಯ್ದೆಯಿಂದ ಗ್ರಾಮ ಪಂಚಾಯ್ತಿ, 2001ರಲ್ಲಿ ಪಾಲಕರ ಎಸ್‌ಡಿಎಂಸಿ. ಹಳೆಯ ಒಂದಾಣೆ ಹೋಯ್ತು ಅಂದುಕೊಳ್ಳಬೇಡಿ. ಮನೆ ತೆರಿಗೆ ಜೊತೆ ಶಿಕ್ಷಣ ಕರ, ಗ್ರಂಥಾಲಯ ಕರ ಅಂತ ನಾವು ಕೊಡುತ್ತಲೇ ಬಂದಿದ್ದೇವೆ.

ಈಗ ಮುಖ್ಯ ವಿಷಯ. ಪಂಚಾಯ್ತಿಗೆ ಬರುವ ದುಡ್ಡಿಗೂ ಕಟ್ಟುಪಾಡಿದೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 100ಕ್ಕೆ 60 ಪಾಲು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಯಿತು. ಶಾಲೆಯ ನಲ್ಲಿ, ಶೌಚಾಲಯಕ್ಕೆ ಅದು ಸರಿ. ಬೆಂಚಿಗೆ, ಪುಸ್ತಕಕ್ಕೆ ಆಗುವುದಿಲ್ಲ. ಸಂಘದ್ದೂ ಹಾಗೇ. ನಿವ್ವಳ ಲಾಭದಲ್ಲಿ ಕನಿಷ್ಠ ಶೇಕಡಾ 25 ಕಾಯ್ದಿಟ್ಟ ನಿಧಿಗೆ ಹೋಗಲೇಬೇಕು. ಆಮೇಲೆ ಡಿವಿಡೆಂಡು ಇತ್ಯಾದಿ. ಧರ್ಮಾದಾಯಕ್ಕೆ ಉಳಿಯುವುದು ಸಣ್ಣ ಮೊತ್ತ. ಅದನ್ನೂ ಕೇಳಿದವರಿಗೆಲ್ಲ ಚೂರುಚೂರು ಹಂಚಿದರೆ ಫೋಟೋ ಬರುತ್ತದೆ, ಕೆಲಸ ಆಗುವುದಿಲ್ಲ. ಹೆಸರು ಬೇಡ, ಒಂದು ಶಾಲೆಗೆ ಎರಡು ಕಡೆಯಿಂದ ನೀರಿನ ಫಿಲ್ಟರ್ ಬಂತು. ಟ್ಯಾಂಕಿಗೆ ಪೈಪೇ ಇರಲಿಲ್ಲ.

ಸಣ್ಣ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಒಂದು ಶಾಲೆ ಮುಚ್ಚಿದರೆ ಆ ಕೇರಿಯ ಮಗು ಮಳೆಗಾಲದಲ್ಲಿ ಕಾಲುಸಂಕ ದಾಟಿ ದೂರ ನಡೆಯಬೇಕು. ತೋಟ ಇದ್ದವರು ಮಕ್ಕಳನ್ನು ಪೇಟೆಯಲ್ಲಿಟ್ಟು ಓದಿಸಿಯಾರು; ಕೂಲಿ ಮಾಡುವವರ, ಸಿದ್ದಿಗಳ, ಗೌಳಿಗಳ ಮಕ್ಕಳಿಗೆ ಊರ ಶಾಲೆಯೇ ಗತಿ. ಅವರೂ ನಮ್ಮವರೇ.

ಅದಕ್ಕಾಗಿ ನಮ್ಮದೊಂದು ಸೂಚನೆ. ಗ್ರಾಮಸಭೆಗೆ ಮೊದಲು ಎಸ್‌ಡಿಎಂಸಿ, ಪಂಚಾಯ್ತಿ, ಸಂಘ ಮೂರೂ ಒಂದು ದಿನ ಕೂತು ಯಾವ ಶಾಲೆಗೆ ಏನು ಬೇಕು ಅಂತ ಒಂದೇ ಪಟ್ಟಿ ಮಾಡಬೇಕು. ನೀರು, ಶೌಚಾಲಯ, ಸಂಕ ಪಂಚಾಯ್ತಿಗೆ. ಅವರಿಂದಾಗದ ಒಂದೋ ಎರಡೋ ಬಾಬು ಸಂಘಕ್ಕೆ. ಕೊಟ್ಟ ದುಡ್ಡಿನ ಲೆಕ್ಕ ಸಂಘದ ನೋಟೀಸ್ ಬೋರ್ಡಿನಲ್ಲೂ ಶಾಲೆಯ ಗೋಡೆಯಲ್ಲೂ ಇರಬೇಕು. ಈ ಸಲದ ವಾರ್ಷಿಕ ಸಭೆಯಲ್ಲಿ ಇದನ್ನು ಠರಾವಿಗೆ ಇಡುತ್ತೇವೆ. ಡಿವಿಡೆಂಡು ಅರ್ಧ ಪರ್ಸೆಂಟ್ ಕಡಿಮೆಯಾದೀತು ಅನ್ನುವವರು ಅವತ್ತು ಬಂದು ಎದ್ದುನಿಂತು ಹೇಳಲಿ, ಚರ್ಚೆ ಮಾಡೋಣ.