ಕಾಡಿನ ಕಥೆಗೆ ರಾಷ್ಟ್ರದ ಮನ್ನಣೆ

ನಾಟ್ಯದಲ್ಲಿ ಗೆದ್ದವರಿಗೆ ಪತಾಕೆಯನ್ನು ಕೊಟ್ಟು ಮನ್ನಿಸುವ ಪದ್ಧತಿಯು ನಮ್ಮ ದೇಶಕ್ಕೆ ಹೊಸದಲ್ಲ. ಪ್ರಾಶ್ನಿಕರೆಂಬ ಪರೀಕ್ಷಕರು ಗುಣದೋಷಗಳನ್ನು ಎಣಿಸಿ ತೀರ್ಮಾನವನ್ನು ಹೇಳಬೇಕೆಂದು ಭರತಮುನಿಯ ನಾಟ್ಯಶಾಸ್ತ್ರದಲ್ಲಿಯೇ ವಿಧಿಸಿದೆ. ಸ್ವತಂತ್ರ ಭಾರತದ ಸರ್ಕಾರವು ೧೯೫೪ರಲ್ಲಿ ಚಲನಚಿತ್ರಗಳಿಗೆ ವರ್ಷಂಪ್ರತಿ ಪ್ರಶಸ್ತಿಯನ್ನು ಕೊಡಲಾರಂಭಿಸಿದುದು ಆ ಪದ್ಧತಿಯನ್ನೇ ನೆನಪಿಗೆ ತರುತ್ತದೆ. ಮೊದಲ ವರ್ಷದ ಸ್ವರ್ಣಪದಕವು ‘ಶ್ಯಾಮ್‌ಚಿ ಆಯಿ’ ಎಂಬ ಮರಾಠಿ ಚಿತ್ರಕ್ಕೆ ಸಂದಿತು. ಕನ್ನಡಕ್ಕೆ ಆ ಗೌರವವು ಮೊದಲು ದೊರೆತುದು ೧೯೭೦ರ ‘ಸಂಸ್ಕಾರ’ದಿಂದ.

ಹನಗೋಡಿನ ಆಚೆ ನಾಗರಹೊಳೆಯ ಕಡೆಗೆ ಹಬ್ಬಿ ಹೆಗ್ಗಡದೇವನಕೋಟೆಯವರೆಗೂ ಚಾಚಿಕೊಂಡಿರುವ ಕಾಡಿನ ಸೀಮೆಗೂ ಈ ಪ್ರಶಸ್ತಿಗಳಿಗೂ ಒಂದು ಸಂಬಂಧವುಂಟು. ಅದೇನೆಂದರೆ, ಹೆಗ್ಗಡದೇವನಕೋಟೆಯ ಕಡೆಯವರಾದ ಶ್ರೀಕೃಷ್ಣ ಆಲನಹಳ್ಳಿಯವರು ಎಳೆಯ ವಯಸ್ಸಿನಲ್ಲಿ ಬರೆದ ‘ಕಾಡು’ ಕಾದಂಬರಿಯನ್ನು ಗಿರೀಶ ಕಾರ್ನಾಡರು ೧೯೭೩ರಲ್ಲಿ ಚಿತ್ರವಾಗಿ ನಿರ್ದೇಶಿಸಿದರು. ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಅದಕ್ಕೆ ದ್ವಿತೀಯ ಅತ್ಯುತ್ತಮ ಚಿತ್ರವೆಂಬ ಮನ್ನಣೆಯು ಬಂದಿತು. ಕಮಲಿಯ ಪಾತ್ರವನ್ನು ವಹಿಸಿದ ನಂದಿನಿ ಭಕ್ತವತ್ಸಲ ಅವರು ಅತ್ಯುತ್ತಮ ನಟಿಯೆಂದೂ, ಕಿಟ್ಟಿಯಾಗಿ ನಟಿಸಿದ ಜಿ. ಎಸ್. ನಟರಾಜನು ಅತ್ಯುತ್ತಮ ಬಾಲನಟನೆಂದೂ ಗೌರವಿಸಲ್ಪಟ್ಟರು.

ಆ ಕಥೆಯಲ್ಲಿರುವುದಾದರೂ ಏನು? ಎರಡು ಹಳ್ಳಿಗಳ ನಡುವಣ ಹಗೆ. ಪರಸ್ತ್ರೀಯ ಮೋಹದಲ್ಲಿ ಬಿದ್ದ ಗೌಡ. ಗಂಡನನ್ನು ಮರಳಿ ಪಡೆಯಲು ಮಾಟಮಂತ್ರವನ್ನು ನಂಬಿ ಕೆಡುವ ಹೆಂಡತಿ. ಇವೆಲ್ಲವನ್ನೂ ಬೆರಗಿನಿಂದಲೂ ಭೀತಿಯಿಂದಲೂ ನೋಡುವ ಒಬ್ಬ ಹುಡುಗ. ಸೀಮೆಯ ಸೊಬಗನ್ನು ಹೊಗಳಿ ಪಡೆದ ಕೀರ್ತಿ ಇದಲ್ಲ. ಸೀಮೆಯ ಕೇಡನ್ನು ಮರೆಮಾಚದೆ ಹೇಳಿ ಪಡೆದುದು.

ಮನೆಯ ಮಾತನ್ನು ಬೀದಿಗೆ ತರುವುದು ಸರಿಯೇ ಎಂದು ಕೇಳುವವರುಂಟು. ಆದರೆ ಕನ್ನಡಕ್ಕೆ ಬಂದ ಪ್ರಥಮ ಪ್ರಶಸ್ತಿಗಳನ್ನು ಪರಿಶೀಲಿಸಿದರೆ ಉತ್ತರವು ತಾನಾಗಿಯೇ ದೊರೆಯುತ್ತದೆ. ‘ಸಂಸ್ಕಾರ’ವು ಅಗ್ರಹಾರದ ಆಚಾರವನ್ನು ಪ್ರಶ್ನಿಸಿತು, ಮದರಾಸಿನ ಸೆನ್ಸಾರ್ ಮಂಡಲಿಯು ಅದನ್ನು ಮೊದಲು ತಡೆದಿತ್ತು. ತಡೆಯನ್ನು ಕಂಡ ಚಿತ್ರವೇ ಪದಕವನ್ನೂ ಪಡೆಯಿತು. ೧೯೭೫ರ ‘ಚೋಮನ ದುಡಿ’ಯಲ್ಲಿ ಉಳಲು ಅಂಗೈಯಗಲ ನೆಲವಿಲ್ಲದ ಅಸ್ಪೃಶ್ಯನ ಗೋಳಿದೆ, ಚೋಮನಾದ ಎಂ. ವಿ. ವಾಸುದೇವರಾಯರು ಅತ್ಯುತ್ತಮ ನಟರೆನಿಸಿದರು. ೧೯೭೭ರ ‘ಘಟಶ್ರಾದ್ಧ’ದಲ್ಲಿ ಬಾಲವಿಧವೆಯ ಬಹಿಷ್ಕಾರವೂ, ೧೯೮೬ರ ‘ತಬರನ ಕಥೆ’ಯಲ್ಲಿ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಮುದುಕನ ಸಂಕಟವೂ ಇವೆ. ಅನಂತಮೂರ್ತಿ, ಶಿವರಾಮ ಕಾರಂತ, ಪೂರ್ಣಚಂದ್ರ ತೇಜಸ್ವಿ ಇವರ ಬರೆವಣಿಗೆಯು ಮೊದಲಿಲ್ಲದಿದ್ದರೆ ಈ ಚಿತ್ರಗಳು ಇರುತ್ತಿರಲಿಲ್ಲ. ಕನ್ನಡ ಚಿತ್ರದ ಗೌರವಕ್ಕೆ ಕನ್ನಡ ಪುಸ್ತಕವೇ ಬೇರು.

ತಮ್ಮ ಸೋಲನ್ನು ರಂಗದ ಮೇಲೆ ಕಂಡ ದಾನವರು ಕೆರಳಿ ಪ್ರಥಮ ನಾಟ್ಯಪ್ರಯೋಗಕ್ಕೆ ವಿಘ್ನವನ್ನೊಡ್ಡಿದರೆಂದೂ, ನಾಟ್ಯವು ಒಬ್ಬರ ಸ್ತುತಿಗಾಗಿ ಹುಟ್ಟಿದುದಲ್ಲ, ಮೂರು ಲೋಕದ ನಡತೆಯ ಅನುಕೀರ್ತನವೆಂದು ಬ್ರಹ್ಮನು ಅವರನ್ನು ಸಮಾಧಾನಪಡಿಸಿದನೆಂದೂ ಭರತನು ಹೇಳುತ್ತಾನೆ. ದೋಷದ ದರ್ಶನದಿಂದ ಕುಂದುವುದು ಅಹಂಕಾರವೇ ಹೊರತು ನಾಡಿನ ಮಾನವಲ್ಲ.

೨೦೨೨ರ ‘ಕಾಂತಾರ’ ಚಿತ್ರಕ್ಕಾಗಿ ರಿಷಬ್ ಶೆಟ್ಟಿಯವರು ೨೦೨೪ರ ಅಕ್ಟೋಬರ್ ೮ರಂದು ದೆಹಲಿಯಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರಿಂದ ಅತ್ಯುತ್ತಮ ನಟ ಪ್ರಶಸ್ತಿಯನ್ನು ಸ್ವೀಕರಿಸಿದರು. ಕಾಂತಾರವೆಂದರೂ ಕಾಡೇ ಅಷ್ಟೆ. ಕಾಡಿನ ನೆಲವು ಯಾರದೆಂಬುದೇ ಅದರ ವಿವಾದ. ನಾಗರಹೊಳೆಯ ಒಳಗಿಂದ ಹೊರಗೆ ತಂದು ನೆಲೆಗೊಳಿಸಲ್ಪಟ್ಟ ಗಿರಿಜನರಿರುವ ಈ ಸೀಮೆಗೆ ಆ ಪ್ರಶ್ನೆಯು ಅಪರಿಚಿತವಲ್ಲ. ಅವರ ಹಾಡಿಗಳಲ್ಲಿ ಅಕ್ಷರ ಕಲಿಯುತ್ತಿರುವ ಮಕ್ಕಳು ಮುಂದೆ ತಮ್ಮ ಕಾಡಿನ ಕಥೆಯನ್ನು ತಮ್ಮ ಮಾತಿನಲ್ಲಿ ಬರೆದಾರು. ಆಗ ಅದನ್ನು ಓದಲು ನಮ್ಮ ಮನೆಗಳು ಸಿದ್ಧವಾಗಿರಬೇಕು. ಅದಕ್ಕೆ ಮೊದಲ ಹೆಜ್ಜೆಯೆಂದರೆ ಪ್ರತಿಯೊಂದು ಮನೆಯಲ್ಲಿಯೂ ಆಲನಹಳ್ಳಿಯವರ ‘ಕಾಡು’ ಕಾದಂಬರಿಯನ್ನು ಓದುವುದು.