ಹೋಲಿಕೆಯ ನುಡಿ: ದೇಹೂ ರೋಡಿನ ನೆಲೆಯಿಂದ

ಕೂಸಿನ ಮುಖದಲ್ಲಿ ಹಿರಿಯರ ಛಾಯೆಯನ್ನು ಹುಡುಕುವುದು ಎಲ್ಲ ಜನಾಂಗಗಳಿಗೂ ಸಹಜವಾದ ಪ್ರವೃತ್ತಿ. ಆದರೆ ಕಂಡ ಸಾಮ್ಯವನ್ನು ಮಾತಿನಲ್ಲಿಡುವ ಬಗೆ ಭಾಷೆಯಿಂದ ಭಾಷೆಗೆ ಬೇರೆ. ಆಂಗ್ಲರು ‘ಟೇಕ್ ಆಫ್ಟರ್’ ಎನ್ನುತ್ತಾರೆ. ಹಿರಿಯರನ್ನು ಅನುಸರಿಸಿ ಪಡೆಯುವುದು ಅದರ ಭಾವ. ಮರಾಠಿಗರು ‘ಮುಲಗಾ ಬಾಪಾವರ ಗೇಲಾ’, ಎಂದರೆ ಮಗನು ತಂದೆಯ ಮೇಲೆ ಹೋದನು, ಎನ್ನುತ್ತಾರೆ. ಕನ್ನಡದಲ್ಲಿ ದಿಕ್ಕೇ ತಿರುಗಿದೆ: ‘ಅಜ್ಜನ ಮೂಗು ಬಂದಿದೆ’, ‘ತಾಯಿಯ ಗುಣ ಬಂದಿದೆ’. ಇಲ್ಲಿ ಕೂಸು ಎಲ್ಲಿಗೂ ಹೋಗುವುದಿಲ್ಲ. ಹಿರಿಯರೇ ಅದರ ಬಳಿಗೆ ಬರುತ್ತಾರೆ.

ಪುಣೆಯ ಸಮೀಪದಲ್ಲಿ ಸೈನ್ಯದ ಉಗ್ರಾಣಗಳ ಸುತ್ತ ಬೆಳೆದ ದೇಹೂ ರೋಡಿನಂಥ ಊರಿನಲ್ಲಿ ಈ ಎರಡು ರೂಢಿಗಳು ಒಂದೇ ಅಂಗಳದಲ್ಲಿ ಸಂಧಿಸುತ್ತವೆ. ನೆರೆಮನೆಯ ಮರಾಠಿಯನ್ನು ಕೇಳಿ ಬೆಳೆದ ಕನ್ನಡದ ಮಗು ‘ನಾನು ಅಮ್ಮನ ಮೇಲೆ ಹೋಗಿದ್ದೇನೆ’ ಎಂದರೆ ಆಶ್ಚರ್ಯಪಡಬೇಕಾಗಿಲ್ಲ. ಹಾಗೆಂದಾಗ ತಿದ್ದಬೇಕೇ, ಬಿಡಬೇಕೇ ಎಂಬುದು ಮಾತ್ರ ಹೊರನಾಡಿನ ಮನೆಗಳಿಗೆ ಸಣ್ಣ ಪ್ರಶ್ನೆಯಲ್ಲ.

ಇದಕ್ಕೆ ಕನ್ನಡದ ‘ಹೋಲು’ ಧಾತುವಿನ ಚರಿತ್ರೆಯೇ ಸ್ವಲ್ಪ ಬೆಳಕು ಕೊಡುತ್ತದೆ. ಹಳಗನ್ನಡದಲ್ಲಿ ಇದರ ರೂಪ ‘ಪೋಲ್’. ತಮಿಳಿನ ‘ಪೋಲ್’, ಮಲಯಾಳದ ‘ಪೋಲೆ’, ತೆಲುಗಿನ ‘ಪೋಲು’ ಇದರ ಒಡಹುಟ್ಟುಗಳು. ತೆಲುಗಿನ ‘ಪೋಲಿಕ’ವಂತೂ ನಮ್ಮ ‘ಹೋಲಿಕೆ’ಯ ಪಡಿಯಚ್ಚು. ಪಂಪಭಾರತ ರಚಿತವಾದ ೯೪೧ರ ವೇಳೆಗೆ ಪದಾದಿಯ ಪಕಾರವೇ ಕಾವ್ಯಭಾಷೆಯ ರೂಢಿ. ಮುಂದಿನ ಕೆಲವು ಶತಮಾನಗಳಲ್ಲಿ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೋಲ್ ಹೋಲು ಆಯಿತು. ಸಾಮ್ಯವನ್ನು ಹೇಳುವ ಶಬ್ದವೇ ಸೋದರಿಯರೊಡನಿದ್ದ ಮುಖಸಾಮ್ಯವನ್ನು ಅಷ್ಟಿಷ್ಟು ಕಳೆದುಕೊಂಡದ್ದು ವಿನೋದವೇ ಸರಿ. ಆದರೂ ಅದು ಅನ್ಯಭಾಷೆಯ ಶಬ್ದವಾಗಲಿಲ್ಲ.

ಗಾದೆಗಳಲ್ಲಿಯೂ ಈ ಭೇದ ಕಾಣುತ್ತದೆ. ‘ಖಾಣ ತಶೀ ಮಾತೀ’, ಗಣಿಯಂತೆ ಮಣ್ಣು, ಎಂದು ಮರಾಠಿ. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂದು ಕನ್ನಡ. ಅಲ್ಲಿ ಅಗೆದು ತೆಗೆದದ್ದು, ಇಲ್ಲಿ ನೇಯ್ದದ್ದು. ನೂಲು ಒಂದೇ ಆದರೂ ಮಗ್ಗದ ಕೆಲಸಕ್ಕೆ ಕನ್ನಡದ ಗಾದೆ ಸ್ವಲ್ಪ ಎಡೆಗೊಟ್ಟಿದೆ ಎನ್ನಬಹುದು.

ಇನ್ನು ಕೊಳುಕೊಡೆಯ ಮಾತು. ಮರಾಠಿಯ ಮನೆಗಳಲ್ಲಿ ಅಕ್ಕಾ, ಅಣ್ಣಾ, ಅಪ್ಪಾ ಎಂದು ಕರೆಯುವುದು ಕನ್ನಡದಿಂದ ಹೋದದ್ದೆಂದು ವಿದ್ವಾಂಸರ ಮತ. ಊಟದ ಎಲೆಯ ಮೇಲಿನ ‘ತೂಪ’ವೂ ನಮ್ಮ ತುಪ್ಪವೇ. ದೇಹೂ ರೋಡಿಗೆ ಹೆಸರು ಕೊಟ್ಟ ದೇಹೂ ಗ್ರಾಮ ೧೬೫೦ರಲ್ಲಿ ಕಣ್ಮರೆಯಾದ ತುಕಾರಾಮರ ಊರು. ಅಲ್ಲಿಂದ ವರ್ಷವರ್ಷವೂ ಪಲ್ಲಕ್ಕಿ ಹೊರಡುವುದು ಪಂಢರಪುರದ ವಿಠ್ಠಲನೆಡೆಗೆ. ಆ ವಿಠ್ಠಲನನ್ನು ಕಾನಡನೆಂದೂ ಕರ್ನಾಟಕದವನೆಂದೂ ಕರೆದದ್ದು ಕನ್ನಡಿಗರ ಅಭಿಮಾನವಲ್ಲ, ಜ್ಞಾನೇಶ್ವರರ ಹೆಸರಿನಲ್ಲಿರುವ ಮರಾಠಿ ಅಭಂಗವೇ. ರಾ. ಚಿಂ. ಢೇರೆಯವರು ೧೯೮೪ರಲ್ಲಿ ಪ್ರಕಟವಾದ ತಮ್ಮ ವಿಠ್ಠಲಸಂಶೋಧನೆಯಲ್ಲಿ ಈ ದಕ್ಷಿಣದ ನಂಟನ್ನು ವಿಸ್ತಾರವಾಗಿ ಪರಿಶೀಲಿಸಿದ್ದಾರೆ.

ಹೀಗಿರಲು, ‘ಅಮ್ಮನ ಮೇಲೆ ಹೋಗಿದ್ದೇನೆ’ ಎಂಬುದನ್ನು ಅಪಭ್ರಂಶವೆಂದು ಗದರಿಸುವುದು ಚರಿತ್ರೆಗೆ ಒಪ್ಪುವ ಮಾತಲ್ಲ. ಕಳವಳಕ್ಕೆ ಕಾರಣ ಬೇರೆಡೆ ಇದೆ. ಮರಾಠಿಯ ರೂಢಿ ಬಂದು ಕನ್ನಡದ ರೂಢಿಯೂ ಉಳಿದರೆ ಮನೆಯ ನುಡಿ ಶ್ರೀಮಂತವಾದೀತು. ‘ಅಜ್ಜನ ಮೂಗು ಬಂದಿದೆ’ ಎಂದು ಹೇಳುವ ಅಜ್ಜಿಯು ಊರಿನಲ್ಲಿಯೇ ಉಳಿದು, ಮೊಮ್ಮಗುವಿನ ಕಿವಿಗೆ ಆ ಮಾತು ಬೀಳದೆ ಹೋದರೆ, ‘ಹೋಲು’ ಎಂಬುದು ನಿಘಂಟಿನಲ್ಲಿ ಮಾತ್ರ ಸಿಕ್ಕೀತು. ೧೮೯೪ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟ್ಟೆಲರ ಕೋಶವು ಶಬ್ದವನ್ನು ಕಾಪಾಡಬಲ್ಲದು. ಆದರೆ ತೊಟ್ಟಿಲ ಮೇಲೆ ಬಾಗಿ, ಇದು ಯಾರ ಮೂಗು ಎಂದು ಹೇಳಲಾರದು.