ಎಷ್ಟು ಕೋಟಿ ಕೊಟ್ಟರಂತೆ?

2000ದ ಜುಲೈ 30ರ ರಾತ್ರಿ ವೀರಪ್ಪನ್ ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ಅಪಹರಿಸಿದಾಗ ನಾನಿನ್ನೂ ಸ್ಕೂಲ್ ಹುಡುಗ. ಗಾಜನೂರು ಕಾಗದದ ಮೇಲೆ ತಮಿಳುನಾಡು, ನಮ್ಮ ತೆರಕಣಾಂಬಿಯವರಿಗೆ ಪಕ್ಕದ ಸೀಮೆ ಅಷ್ಟೇ. 108 ದಿನ ಆದ್ಮೇಲೆ, ನವೆಂಬರ್ 15ಕ್ಕೆ, ಅಣ್ಣಾವ್ರು ಬಿಡುಗಡೆಯಾದರು. ಅವತ್ತಿಂದ ಊರ ಟೀ ಅಂಗಡೀಲಿ ಒಂದೇ ಪ್ರಶ್ನೆ: ಎಷ್ಟು ಕೋಟಿ ಕೊಟ್ಟರಂತೆ? ಒಂದೊಂದು ಅಂಗಡಿಗೆ ಒಂದೊಂದು ಲೆಕ್ಕ.

ಸರ್ಕಾರ ಒಂದು ಪೈಸೆನೂ ಕೊಟ್ಟಿಲ್ಲ ಅಂತು. ಆಗ ರಾಜ್ಯದ ಡಿಜಿಪಿ ಆಗಿದ್ದ ಸಿ. ದಿನಕರ್ ಆಮೇಲೆ ಪುಸ್ತಕ ಬರೆದು, ಕೊಟ್ಟಿದ್ದು ನಿಜ ಅಂದರು. ನಾವು ಇವತ್ತಿಗೂ ಅಲ್ಲೇ ನಿಂತಿದೀವಿ. ಎರಡು ಹೇಳಿಕೆ ಇದೆ, ಕಡತ ಇಲ್ಲ.

ಆದರೆ ಆ ವರ್ಷದ ಒಂದು ಗುಟ್ಟು ಹೊರಗೆ ಬಂತು. ಮೈಸೂರು ಜೈಲಿನಲ್ಲಿದ್ದ 51 ಟಾಡಾ ಆರೋಪಿಗಳ ಮೇಲಿನ ಟಾಡಾ ಕೇಸು ಕೈಬಿಟ್ಟು ಅವರನ್ನು ಹೊರಗೆ ಬಿಡೋಕೆ ಸರ್ಕಾರ ಒಪ್ಪಿತ್ತು. ಅದನ್ನು ತಡೆದದ್ದು ಅಬ್ದುಲ್ ಕರೀಂ. 1992ರಲ್ಲಿ ಎಸ್‌ಪಿ ಹರಿಕೃಷ್ಣ ಅವರ ಜೊತೆ ವೀರಪ್ಪನ್ ಗುಂಡಿಗೆ ಸತ್ತ ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರ ತಂದೆ. ಮಗನನ್ನು ಕಳಕೊಂಡ ಮುದುಕ ಸುಪ್ರೀಂ ಕೋರ್ಟ್ ತನಕ ಹೋದರು. 2000ದ ನವೆಂಬರ್ 7ರ ತೀರ್ಪು ಬಿಡುಗಡೆಯನ್ನು ತಡೆಯಿತು. ವೀರಪ್ಪನ್ ಏನು ಕೇಳಿದ್ದ, ಸರ್ಕಾರ ಯಾವುದಕ್ಕೆ ತಲೆಯಾಡಿಸಿತ್ತು ಅನ್ನೋದೆಲ್ಲ ಆ ತೀರ್ಪಲ್ಲಿದೆ. ಯಾರು ಬೇಕಾದರೂ ಓದಬಹುದು. ಯಾವ ಅಧಿಕಾರಿಯೂ ಕಡತ ಬಿಚ್ಚಿ ತೋರಿಸಿದ್ದಲ್ಲ ಅದು.

ಇನ್ನೊಂದು ಗುಟ್ಟಿನ ಬಗ್ಗೆ ಟೀ ಅಂಗಡೀಲಿ ಯಾರೂ ಕೇಳ್ತಿರಲಿಲ್ಲ. ಮಲೆ ಮಹದೇಶ್ವರ ಬೆಟ್ಟದಲ್ಲಿ ಎಸ್‌ಟಿಎಫ್‌ನ 'ವರ್ಕ್‌ಶಾಪ್' ಅಂತ ಒಂದು ಜಾಗ ಇತ್ತು. ಅಲ್ಲಿ ನಡೆದ ಚಿತ್ರಹಿಂಸೆಯನ್ನು ಕಾಡಂಚಿನ ಸೋಲಿಗರು, ಬಡ ರೈತರು ಹೇಳಿಕೊಂಡಿದ್ದಾರೆ. 1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿ.ವಿ. ನರಸಿಂಹನ್ ಅವರನ್ನು ವಿಚಾರಣೆಗೆ ನೇಮಿಸಿತು. ವರದಿ ಸಲ್ಲಿಕೆ 2003ರ ಕೊನೆಗೆ. 89 ಜನರಿಗೆ 2.80 ಕೋಟಿ ಪರಿಹಾರ ಕೊಡಿ ಅಂತ ಆಯೋಗ ಹೇಳಿದ್ದು 2007ರ ಜನವರಿಯಲ್ಲಿ. ಅಷ್ಟರಲ್ಲಿ ವೀರಪ್ಪನ್ ಸತ್ತು ಎರಡು ವರ್ಷ ದಾಟಿತ್ತು.

ನಾನೇ ಒಪ್ಪಿಕೊಳ್ತೀನಿ, ಒತ್ತೆಹಣದ ಕಥೆ ಕೇಳಿ ಬೆಳೆದ ನನಗೆ ಈ ವರದಿಯ ಹೆಸರು ಗೊತ್ತಾದದ್ದು ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ಮೇಲೆ.

ಮಾಹಿತಿ ಹಕ್ಕು ಕಾಯ್ದೆಯ 8(3)ನೇ ಸೆಕ್ಷನ್ ಪ್ರಕಾರ 20 ವರ್ಷ ಹಳೆಯ ಘಟನೆಯ ಮಾಹಿತಿ ಕೊಡಬೇಕು. ಕೇಳಿದ ಕೂಡಲೇ ಖುಷಿಯಾಗುತ್ತೆ. ಆದರೆ ದೇಶದ ಭದ್ರತೆ, ಸಂಪುಟದ ಕಾಗದಗಳಿಗೆ ವಿನಾಯಿತಿ ಹಾಗೇ ಇದೆ. ನಮ್ಮ ಭಾಷೇಲಿ ಹೇಳೋದಾದರೆ ಫೈಲ್ ಡಿಲೀಟ್ ಆಗಿಲ್ಲ, ಪರ್ಮಿಷನ್ ಇಲ್ಲ. 24ನೇ ಸೆಕ್ಷನ್ ಗುಪ್ತಚರ ಸಂಸ್ಥೆಗಳನ್ನು ಕಾಯ್ದೆಯಿಂದ ಹೊರಗಿಡುತ್ತೆ, ಆದರೆ ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಮಾಹಿತಿ ಬಿಟ್ಟು.

ಹೋದ ತಿಂಗಳು ಅರ್ಜಿ ಬರೆಯೋಕೆ ಕೂತೆ. ಕರ್ನಾಟಕದ ನಿಯಮದಲ್ಲಿ ಫೀಸು 10 ರೂಪಾಯಿ, ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ಮೊದಲು ಒತ್ತೆಹಣದ ಬಗ್ಗೆ ಬರೆದಿದ್ದೆ. ಅದನ್ನು ಹೊಡೆದುಹಾಕಿ ವರ್ಕ್‌ಶಾಪ್ ಬಗ್ಗೆ ಬರೆದೆ.